ಹರಿಗೋಲಿಗೆ ಎಷ್ಟು ಜನ ಹತ್ತಬಹುದು?



ಸುಮಾರು 1520ರಲ್ಲಿ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಆಗ ಅಲ್ಲಿ ಕೃಷ್ಣದೇವರಾಯನ ಆಳ್ವಿಕೆ. ಅರಮನೆ, ಪೇಟೆ, ಆನೆ, ಕುದುರೆಗಳ ಬಗ್ಗೆ ವಿವರವಾಗಿ ಬರೆದ ಆತ, ಆನೆಗೊಂದಿಯ ಬಳಿ ಜನರು ಹೊಳೆ ದಾಟುತ್ತಿದ್ದ ದೋಣಿಗಳ ಬಗ್ಗೆಯೂ ಬರೆದಿಟ್ಟಿದ್ದಾನೆ. ಅವು ಬುಟ್ಟಿಯ ಹಾಗೆ ದುಂಡಗಿದ್ದವಂತೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದಿತ್ತು. ಆದರೆ ಬೇರೆ ದೋಣಿಗಳಂತೆ ನೇರವಾಗಿ ಹೋಗದೆ ಅವು ಸದಾ ಸುತ್ತುತ್ತಲೇ ಇರುತ್ತಿದ್ದವು ಎಂದು ಆತ ಹೇಳುತ್ತಾನೆ.

ಈ ದೋಣಿ ಯಾವುದೆಂದು ನಿಮಗೆ ಗೊತ್ತಾಗಿರಬೇಕು. ಹರಿಗೋಲು! ಕಾವೇರಿ ಸೀಮೆಯಲ್ಲಿ ಇದನ್ನೇ ತೆಪ್ಪ ಎನ್ನುತ್ತಾರೆ, ಇನ್ನು ಕೆಲವು ಕಡೆ ಪುಟ್ಟಿ ಎನ್ನುತ್ತಾರೆ. ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಬದಲು ಪೂರ್ತಿ ಫೈಬರ್‌ನಲ್ಲಿ ಮಾಡಿದವೂ ಇವೆ. ಆಕಾರ ಮಾತ್ರ ಅದೇ. ಹಂಪಿಗೋ ಹೊಗೇನಕಲ್‌ಗೋ ಪ್ರವಾಸ ಹೋದವರು ಹರಿಗೋಲು ಹತ್ತಿ ಖುಷಿಪಟ್ಟಿರುತ್ತಾರೆ. ಕೃಷ್ಣಾ ನದಿಯ ನಡುಗಡ್ಡೆಗಳ ಜನರಿಗಾದರೋ ಇದು ಖುಷಿಯ ಮಾತಲ್ಲ. ದಶಕಗಳ ಕಾಲ ಸಂತೆಗೆ, ಆಸ್ಪತ್ರೆಗೆ, ಶಾಲೆಗೆ ಹೋಗಿಬರಲು ಅವರಿಗಿದ್ದ ದಾರಿಯೇ ಇದು.

ಪಾಯಸ್ ಬರೆದದ್ದನ್ನು ಓದಿದಾಗ ಮೂರು ಪ್ರಶ್ನೆಗಳು ಏಳುತ್ತವೆ. ಬುಟ್ಟಿಯೊಂದು ಎತ್ತನ್ನು ಹೊತ್ತು ತೇಲುವುದು ಹೇಗೆ? ಅದರಲ್ಲಿ ಎಷ್ಟು ಜನ ಹತ್ತಬಹುದು? ಅದು ಸುತ್ತುವುದೇಕೆ? ಈ ಮೂರರಲ್ಲಿ ಎರಡನೆಯದು ಪ್ರಾಣದ ಪ್ರಶ್ನೆ. ಹಾಗಾಗಿ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಕೆಳಗೆ ಎಳೆಯುವ ಬಲ, ಮೇಲೆ ತಳ್ಳುವ ಬಲ

ನಾನು ಹೋದ ಶಾಲೆಗಳಲ್ಲಿ "ಯಾವ ವಸ್ತು ತೇಲುತ್ತದೆ?" ಎಂದು ಕೇಳಿದರೆ "ಹಗುರವಾದದ್ದು ತೇಲುತ್ತದೆ ಸಾರ್, ಭಾರವಾದದ್ದು ಮುಳುಗುತ್ತದೆ" ಎಂದು ಇಡೀ ತರಗತಿ ಒಟ್ಟಿಗೆ ಹೇಳುತ್ತದೆ. ಹಾಗಾದರೆ ಎರಡು ಗ್ರಾಂ ಕೂಡ ತೂಗದ ಮೊಳೆ ಮುಳುಗುತ್ತದಲ್ಲ, ಎರಡು ಕ್ವಿಂಟಲ್ ತೂಗುವ ಮರದ ದಿಮ್ಮಿ ತೇಲುತ್ತದಲ್ಲ, ಅದು ಹೇಗೆ? ಬರೀ ತೂಕವನ್ನು ನೋಡಿ ತೀರ್ಮಾನಿಸುವಂತಿಲ್ಲ ಎಂದಾಯಿತು.

ಬಾವಿಯಿಂದ ನೀರು ಸೇದಿದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ತುಂಬಿದ ಕೊಡ ನೀರಿನೊಳಗೆ ಇರುವ ತನಕ ಹಗ್ಗ ಎಳೆಯುವುದು ಸುಲಭ. ಕೊಡ ನೀರಿನಿಂದ ಹೊರಬಂದ ಕೂಡಲೇ ಕೈ ಜಗ್ಗುತ್ತದೆ. ಕೊಡ ಅದೇ, ಅದರಲ್ಲಿರುವ ನೀರೂ ಅಷ್ಟೇ. ಹಾಗಾದರೆ ಅಲ್ಲಿಯವರೆಗೆ ನಿಮಗೆ ಸಹಾಯ ಮಾಡುತ್ತಿದ್ದವರು ಯಾರು? ಬಾವಿಯ ನೀರು!

ಬಲ ಎಂದರೆ ಎಳೆಯುವುದು ಅಥವಾ ತಳ್ಳುವುದು. ಭೂಮಿ ಪ್ರತಿಯೊಂದು ವಸ್ತುವನ್ನೂ ತನ್ನ ಕಡೆಗೆ ಎಳೆಯುತ್ತದೆ. ಈ ಎಳೆತವನ್ನೇ ನಾವು ತೂಕ ಎನ್ನುತ್ತೇವೆ. ನೀರಿನಲ್ಲಿರುವ ವಸ್ತುವನ್ನು ನೀರು ಮೇಲಕ್ಕೆ ತಳ್ಳುತ್ತದೆ. ಇದು ಪ್ಲವನ ಬಲ. ವಸ್ತು ಮುಳುಗುವುದೂ ತೇಲುವುದೂ ಇವೆರಡರ ನಡುವಿನ ಹಗ್ಗಜಗ್ಗಾಟ. ನೀರು ಎಷ್ಟು ಬಲದಿಂದ ತಳ್ಳುತ್ತದೆ ಎಂಬುದನ್ನು ನೀವೇ ಅಳೆಯಬಹುದು.

ಮಾಡಿ ನೋಡಿ 1: ಮುಷ್ಟಿಗಾತ್ರದ ಒಂದು ಕಲ್ಲನ್ನು ದಾರದಲ್ಲಿ ಕಟ್ಟಿ. ವಿಜ್ಞಾನ ಕಿಟ್‌ನಲ್ಲಿರುವ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ತೂಕ ಬರೆದುಕೊಳ್ಳಿ. ಒಂದು ಪಾತ್ರೆಗೆ ಬಾಯಿಮಟ್ಟ ನೀರು ತುಂಬಿ, ಅದನ್ನು ದೊಡ್ಡ ತಟ್ಟೆಯಲ್ಲಿ ಇಡಿ. ತಕ್ಕಡಿಗೆ ತೂಗುಹಾಕಿದ ಕಲ್ಲನ್ನು ಹಾಗೆಯೇ ಮೆಲ್ಲಗೆ ನೀರಿನಲ್ಲಿ ಪೂರ್ತಿ ಇಳಿಸಿ. ಕಲ್ಲು ತಳಕ್ಕೆ ತಾಗಬಾರದು. ಈಗ ತಕ್ಕಡಿ ಎಷ್ಟು ತೋರಿಸುತ್ತದೆ ನೋಡಿ. ಆಮೇಲೆ ತಟ್ಟೆಗೆ ಚೆಲ್ಲಿದ ನೀರನ್ನು ಅಳತೆಯ ಜಾಡಿಗೆ ಸುರಿದು ಅಳೆಯಿರಿ.

ಕಲ್ಲು ಗಾಳಿಯಲ್ಲಿ 540 ಗ್ರಾಂ ತೂಗಿತು ಎಂದುಕೊಳ್ಳಿ. ಅದು ನಮ್ಮ ಕಡೆಯ ಗಟ್ಟಿ ಗ್ರಾನೈಟ್ ಕಲ್ಲಾಗಿದ್ದರೆ ನೀರಿನೊಳಗೆ ಸುಮಾರು 340 ಗ್ರಾಂ ತೋರಿಸುತ್ತದೆ. ಕಡಿಮೆಯಾದದ್ದು 200 ಗ್ರಾಂ. ಚೆಲ್ಲಿದ ನೀರು ಸುಮಾರು 200 ಮಿಲಿಲೀಟರ್. ಅಷ್ಟು ನೀರಿನ ತೂಕ? ಅದೂ 200 ಗ್ರಾಂ! (ವಿಜ್ಞಾನದಲ್ಲಿ ಬಲವನ್ನು ನ್ಯೂಟನ್ ಎಂಬ ಮಾನದಿಂದ ಅಳೆಯುತ್ತಾರೆ. ಅಂಗಡಿಯ ಲೆಕ್ಕ ನಮಗೆ ಸುಲಭವಾದ್ದರಿಂದ ಇಲ್ಲಿ ಗ್ರಾಂ, ಕಿಲೋಗ್ರಾಂ ಬಳಸಿದ್ದೇನೆ.) ಸ್ಪ್ರಿಂಗ್ ತಕ್ಕಡಿ ಇಲ್ಲದಿದ್ದರೆ ಚಿಂತೆಯಿಲ್ಲ. ಕಲ್ಲನ್ನು ಒಂದು ರಬ್ಬರ್ ಬ್ಯಾಂಡ್‌ಗೆ ಕಟ್ಟಿ ತೂಗುಬಿಡಿ. ನೀರಿಗೆ ಇಳಿಸಿದಾಗ ರಬ್ಬರ್ ಬ್ಯಾಂಡ್ ಗಿಡ್ಡವಾಗುವುದು ಕಣ್ಣಿಗೇ ಕಾಣುತ್ತದೆ.

ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಆ ನೀರಿನ ತೂಕದಷ್ಟೇ ಬಲದಿಂದ ನೀರು ವಸ್ತುವನ್ನು ಮೇಲಕ್ಕೆ ತಳ್ಳುತ್ತದೆ. ಇದನ್ನು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಿರಾಕ್ಯೂಸ್ ನಗರದ ಆರ್ಕಿಮಿಡೀಸ್ ಕಂಡುಕೊಂಡ. ರಾಜನ ಕಿರೀಟ, ಸ್ನಾನದ ತೊಟ್ಟಿ, "ಯುರೇಕಾ" ಕತೆ ನಿಮಗೆ ಬಾಯಿಪಾಠವಾಗಿರುವುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ. ಆ ಕತೆ ನಿಜವೋ ಅಲ್ಲವೋ, ತೇಲುವ ವಸ್ತುಗಳ ಬಗ್ಗೆ ಆತ ಬರೆದ ಗ್ರಂಥವಂತೂ ಉಳಿದುಬಂದಿದೆ.

ನೀರು ಮೇಲಕ್ಕೇ ಏಕೆ ತಳ್ಳಬೇಕು ಎಂದು ಕೇಳುವವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಮೇಲೆ ಒಂದು, ಕೆಳಗೆ ಒಂದು ತೂತು ಮಾಡಿ ನೀರು ತುಂಬಿದರೆ ಕೆಳಗಿನ ತೂತಿನಿಂದ ನೀರು ಹೆಚ್ಚು ರಭಸದಿಂದ ಚಿಮ್ಮುವುದನ್ನು ನೋಡಿದ್ದೀರಿ. ನೀರಿನಲ್ಲಿರುವ ಕಲ್ಲಿನ ತಲೆಯನ್ನು ನೀರು ಕೆಳಕ್ಕೆ ಒತ್ತುತ್ತದೆ, ಬುಡವನ್ನು ಮೇಲಕ್ಕೆ ಒತ್ತುತ್ತದೆ. ಬುಡ ಹೆಚ್ಚು ಆಳದಲ್ಲಿ ಇರುವುದರಿಂದ ಅಲ್ಲಿನ ಒತ್ತುವಿಕೆ ಗೆಲ್ಲುತ್ತದೆ.

ಬಿಸಿಯೂಟದ ತಟ್ಟೆಯ ಪಾಠ

ಮಾಡಿ ನೋಡಿ 2: ಬಿಸಿಯೂಟಕ್ಕೆ ಬಳಸುವ ಸ್ಟೀಲ್ ತಟ್ಟೆಯನ್ನು ದೊಡ್ಡ ಟಬ್ಬಿನ ನೀರಿನಲ್ಲಿ ನಿಲುವಾಗಿ ಇಳಿಸಿ ಬಿಡಿ. ಸರ್ರನೆ ಮುಳುಗುತ್ತದೆ. ಈಗ ಅದೇ ತಟ್ಟೆಯನ್ನು ಅಂಗಾತ ಮೆಲ್ಲಗೆ ಇಡಿ. ತೇಲುತ್ತದೆ!

ತಟ್ಟೆಯ ತೂಕ ಬದಲಾಗಲಿಲ್ಲ. ಬದಲಾದದ್ದು ಅದು ಪಕ್ಕಕ್ಕೆ ಸರಿಸಿದ ನೀರಿನ ಪ್ರಮಾಣ. ನಿಲುವಾಗಿ ಹೋದಾಗ ಅದು ತನ್ನ ತೆಳುವಾದ ಉಕ್ಕಿನ ಗಾತ್ರದಷ್ಟು ನೀರನ್ನು ಮಾತ್ರ ಸರಿಸಿತು. ಉಕ್ಕು ನೀರಿಗಿಂತ ಸುಮಾರು ಎಂಟು ಪಟ್ಟು ಸಾಂದ್ರ. ಆದ್ದರಿಂದ 250 ಗ್ರಾಂ ತಟ್ಟೆಗೆ ಸಿಕ್ಕಿದ ಮೇಲ್ಮುಖ ಬಲ ಮೂವತ್ತು ಗ್ರಾಂ ಚಿಲ್ಲರೆ ಅಷ್ಟೇ. ಅಂಗಾತ ಇಟ್ಟಾಗ ತಟ್ಟೆಯ ಜೊತೆಗೆ ತಟ್ಟೆಯೊಳಗಿನ ಖಾಲಿ ಜಾಗವೂ ನೀರನ್ನು ಸರಿಸುತ್ತದೆ. 250 ಗ್ರಾಂ ನೀರನ್ನು ಸರಿಸುವಷ್ಟು ಕೆಳಗಿಳಿದ ಮೇಲೆ ತಟ್ಟೆ ನಿಲ್ಲುತ್ತದೆ. ಅಲ್ಲಿ ಎಳೆತ, ತಳ್ಳುವಿಕೆ ಎರಡೂ ಸಮ.

ಹರಿಗೋಲಿನ ಗುಟ್ಟೂ ಇದೇ. ಬುಟ್ಟಿ ಬಿದಿರಿನದು ಎಂಬ ಕಾರಣಕ್ಕೆ ಅದು ಜನರನ್ನು ಹೊರುವುದಿಲ್ಲ. ಬಿದಿರಷ್ಟೇ ಆಗಿದ್ದರೆ ಇಬ್ಬರು ಹತ್ತುವಷ್ಟರಲ್ಲಿ ಮುಳುಗುತ್ತಿತ್ತು. ನೀರು ಒಳಗೆ ಬಾರದಂತೆ ಹೊದಿಕೆ ಹಾಕಿ, ದೊಡ್ಡ ಖಾಲಿ ಜಾಗವನ್ನು ನೀರಿನೊಳಗೆ ಇಳಿಸಿರುವುದೇ ಅದರ ಶಕ್ತಿ. ಹೊದಿಕೆ ಹರಿದ ಹರಿಗೋಲು ಬರೀ ಬುಟ್ಟಿ.

ಈಗ ಎಷ್ಟು ಭಾರ ಹೊರುತ್ತದೆ ಎಂಬುದಕ್ಕೆ ಬರೋಣ.

ಮಾಡಿ ನೋಡಿ 3: ನೇರ ಗೋಡೆಯ ಚೌಕಾಕಾರದ ಪ್ಲಾಸ್ಟಿಕ್ ಡಬ್ಬಿ ಹುಡುಕಿ. ತಳದ ಅಳತೆ ಹತ್ತಿರ ಹತ್ತಿರ 10 ಸೆಂ.ಮೀ. × 10 ಸೆಂ.ಮೀ., ಎತ್ತರ 6 ಸೆಂ.ಮೀ. ಇದ್ದರೆ ಲೆಕ್ಕ ಸುಲಭ. ಹೊರಗಡೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಸೆಂಟಿಮೀಟರಿಗೂ ಗೆರೆ ಎಳೆಯಿರಿ. ಅಂಗಡಿಯವರಲ್ಲಿ ತೂಗಿಸಿ 100 ಗ್ರಾಂನ ಆರು ಮರಳಿನ ಪೊಟ್ಟಣ ಮಾಡಿಕೊಳ್ಳಿ. ಡಬ್ಬಿಯನ್ನು ಟಬ್ಬಿನಲ್ಲಿ ತೇಲಿಬಿಟ್ಟು ಒಂದೊಂದೇ ಪೊಟ್ಟಣವನ್ನು ನಡುವಿನಲ್ಲಿ ಇಡುತ್ತ ಹೋಗಿ. ಪ್ರತಿ ಸಲವೂ ನೀರು ಯಾವ ಗೆರೆಗೆ ಬಂತು ಎಂದು ಬರೆಯಿರಿ.

ಒಂದು ಪೊಟ್ಟಣ ಇಟ್ಟರೆ ಡಬ್ಬಿ ಒಂದು ಗೆರೆ ಇಳಿಯುತ್ತದೆ. ಕಾರಣ ನೀವೇ ಹೇಳಬಲ್ಲಿರಿ. 10 × 10 × 1 ಎಂದರೆ 100 ಘನ ಸೆಂಟಿಮೀಟರ್, ಅಂದರೆ 100 ಗ್ರಾಂ ನೀರು. ಡಬ್ಬಿಯ ಸ್ವಂತ ತೂಕ 50 ಗ್ರಾಂ ಆಗಿದ್ದರೆ ಅದಕ್ಕೆ ಅರ್ಧ ಗೆರೆ. ಐದು ಪೊಟ್ಟಣ ಇಟ್ಟಾಗ ನೀರು ಐದೂವರೆ ಗೆರೆಯಲ್ಲಿ ನಿಲ್ಲುತ್ತದೆ. ಆರನೆಯದನ್ನು ಇಟ್ಟರೆ ಮುಳುಗುತ್ತದೆ. ಇಷ್ಟು ಲೆಕ್ಕದ ಪುಸ್ತಕದ ಉತ್ತರ.

ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಐದು ಪೊಟ್ಟಣ ಹೊತ್ತು ತೇಲುತ್ತಿರುವ ಡಬ್ಬಿಯ ಪಕ್ಕದಲ್ಲಿ ಕೈಯಿಂದ ಸಣ್ಣ ಅಲೆ ಎಬ್ಬಿಸಿ. ಅಥವಾ ಒಂದು ಪೊಟ್ಟಣವನ್ನು ನಡುವಿನಿಂದ ಅಂಚಿಗೆ ಸರಿಸಿ. ಏನಾಯಿತು? ಐದು ಪೊಟ್ಟಣಕ್ಕೇ ಮುಳುಗಿತು! ಇದೇ ಆಟವನ್ನು ಮೂರು ಪೊಟ್ಟಣ ಇಟ್ಟು ಆಡಿ. ಡಬ್ಬಿ ಓಲಾಡುತ್ತದೆ, ಆದರೆ ಸುಲಭವಾಗಿ ಮುಳುಗುವುದಿಲ್ಲ. ಏಕೆಂದರೆ ಅಂಚು ನೀರಿನಿಂದ ಎರಡೂವರೆ ಸೆಂಟಿಮೀಟರ್ ಮೇಲಿದೆ.

ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗೆ ಉಳಿದಿರುವ ಈ ಎತ್ತರ ಇದೆಯಲ್ಲ, ದೋಣಿ ಹತ್ತುವವರೆಲ್ಲರೂ ಮೊದಲು ಕಣ್ಣು ಹಾಯಿಸಬೇಕಾದದ್ದು ಇದರ ಕಡೆಗೆ.

ಹರಿಗೋಲಿನ ಲೆಕ್ಕ

ವ್ಯಾಸ 2 ಮೀಟರ್, ಅಂಚಿನ ಎತ್ತರ 50 ಸೆಂ.ಮೀ. ಇರುವ ಒಂದು ಹರಿಗೋಲನ್ನು ತೆಗೆದುಕೊಳ್ಳೋಣ. ತಳ ಚಪ್ಪಟೆ, ಗೋಡೆ ನೇರ ಎಂದು ಭಾವಿಸೋಣ. ತ್ರಿಜ್ಯ 100 ಸೆಂ.ಮೀ. ಆದ್ದರಿಂದ ತಳದ ವಿಸ್ತೀರ್ಣ 3.14 × 100 × 100, ಅಂದರೆ 31,400 ಚದರ ಸೆಂ.ಮೀ. ಹರಿಗೋಲು 1 ಸೆಂ.ಮೀ. ಇಳಿದರೆ 31,400 ಘನ ಸೆಂ.ಮೀ. ನೀರನ್ನು ಸರಿಸುತ್ತದೆ. ಅದರ ತೂಕ 31 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಎರಡು ಸೆಂಟಿಮೀಟರಿಗೆ ಸುಮಾರು 62 ಕೆ.ಜಿ. ಎಂದರೆ ದೊಡ್ಡವರು ಒಬ್ಬರು ಹತ್ತಿದರೆ ಹರಿಗೋಲು ಸುಮಾರು 2 ಸೆಂ.ಮೀ. ಇಳಿಯುತ್ತದೆ. ಹರಿಗೋಲಿನ ಸ್ವಂತ ತೂಕವೂ ಒಬ್ಬರ ತೂಕದಷ್ಟು ಎಂದುಕೊಳ್ಳಿ. ಅದಕ್ಕೆ 2 ಸೆಂ.ಮೀ. ಕಳೆಯಿರಿ. ಉಳಿದದ್ದು 48 ಸೆಂ.ಮೀ. ಒಬ್ಬರಿಗೆ 2 ಸೆಂ.ಮೀ.ನಂತೆ 24 ಜನ!

ಈ ಲೆಕ್ಕವನ್ನು ಹುಟ್ಟು ಹಿಡಿದು ಕುಳಿತ ಅಂಬಿಗನಿಗೆ ತೋರಿಸಿದರೆ ಆತ ನಗುತ್ತಾನೆ. ಅಷ್ಟು ದೊಡ್ಡ ಹರಿಗೋಲಿಗೆ ಆತ ಆರು ಏಳು ಜನರನ್ನು ಹತ್ತಿಸಿ "ಸಾಕು" ಎಂದಾನು. ನಮ್ಮ ಗುಣಾಕಾರ ತಪ್ಪಲ್ಲ. ಎಷ್ಟು ಜನರಾದರೆ ಹರಿಗೋಲು ಅಲುಗಾಡದೆ ನಿಂತಲ್ಲೇ ಮುಳುಗುತ್ತದೆ ಎಂಬುದನ್ನು ನಾವು ಲೆಕ್ಕ ಹಾಕಿದೆವು. ಅಂಬಿಗ ಯೋಚಿಸುವುದು ಅಲುಗಾಡುವ ಹರಿಗೋಲಿನ ಬಗ್ಗೆ.

ಮೊದಲನೆಯದಾಗಿ, ನಿಜವಾದ ಹರಿಗೋಲಿನ ತಳ ಬುಟ್ಟಿಯಂತೆ ಬಾಗಿರುತ್ತದೆ. ನಾವು ಊಹಿಸಿದಷ್ಟು ನೀರನ್ನು ಅದು ಸರಿಸುವುದಿಲ್ಲ. ಇದು ಸಣ್ಣ ಕಾರಣ. ದೊಡ್ಡ ಕಾರಣ ವಾಲುವಿಕೆ. ಹತ್ತು ಜನ ಹತ್ತಿದ್ದಾರೆ ಎಂದುಕೊಳ್ಳಿ. ಹರಿಗೋಲು 22 ಸೆಂ.ಮೀ. ಇಳಿದಿದೆ, ಅಂಚು ನೀರಿನಿಂದ 28 ಸೆಂ.ಮೀ. ಮೇಲಿದೆ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಸಾಕಲ್ಲವೇ ಅನ್ನಿಸುತ್ತದೆ. ಈಗ ಯಾರೋ "ಅಗೋ ನೋಡಿ ಮೊಸಳೆ!" ಎನ್ನುತ್ತಾರೆ. ನಾಲ್ಕು ಜನ ಒಂದೇ ಬದಿಗೆ ಸರಿಯುತ್ತಾರೆ. ಹರಿಗೋಲು 15 ಡಿಗ್ರಿ ವಾಲಿದರೆ ಆ ಬದಿಯ ಅಂಚು 26 ಸೆಂ.ಮೀ. ಕೆಳಗಿಳಿಯುತ್ತದೆ. ಕೋನಮಾಪಕದಲ್ಲಿ 15 ಡಿಗ್ರಿ ಎಷ್ಟೆಂದು ನೋಡಿ, ತೀರಾ ಸಣ್ಣದು. ಉಳಿದದ್ದು 2 ಸೆಂ.ಮೀ. ಒಂದು ಅಲೆ ಸಾಕು. ಆರೇ ಜನ ಇದ್ದಿದ್ದರೆ? ಆಗ ಹರಿಗೋಲು ಇಳಿಯುವುದು 14 ಸೆಂ.ಮೀ., ಅಂಚು ಮೇಲಿರುವುದು 36 ಸೆಂ.ಮೀ. ಅಷ್ಟೇ ವಾಲಿದರೂ 10 ಸೆಂ.ಮೀ. ಉಳಿಯುತ್ತದೆ.

ಒಳಗೆ ಒಮ್ಮೆ ನೀರು ನುಗ್ಗಿತೆಂದರೆ ಆಟ ಬೇಗ ಮುಗಿಯುತ್ತದೆ. 31 ಲೀಟರ್ ಎಂದರೆ ಎರಡು ಬಕೆಟ್ ನೀರು. ಅಷ್ಟು ಒಳಬಂದರೆ ಹರಿಗೋಲು ಇನ್ನೊಂದು ಸೆಂಟಿಮೀಟರ್ ಇಳಿಯುತ್ತದೆ. ಅಷ್ಟೇ ಅಲ್ಲ, ಒಳಗೆ ಬಂದ ನೀರು ನಡುವಿನಲ್ಲಿ ಕೂರುವುದಿಲ್ಲ, ವಾಲಿದ ಬದಿಗೇ ಹರಿದು ನಿಲ್ಲುತ್ತದೆ. ಆ ಬದಿ ಇನ್ನೂ ಭಾರವಾಗಿ ಇನ್ನಷ್ಟು ವಾಲುತ್ತದೆ, ಇನ್ನಷ್ಟು ನೀರು ಬರುತ್ತದೆ. ಡಬ್ಬಿಯ ಪ್ರಯೋಗದಲ್ಲಿ ಇದನ್ನು ಗಮನಿಸಿದ್ದೀರಾ? ಮೊದಲ ಹನಿ ಒಳಗೆ ಬಂದದ್ದಕ್ಕೂ ಡಬ್ಬಿ ಮುಳುಗಿದ್ದಕ್ಕೂ ನಡುವೆ ಒಂದೆರಡು ಕ್ಷಣವಷ್ಟೇ ಇತ್ತು. ಗಮನಿಸದಿದ್ದರೆ ಇನ್ನೊಮ್ಮೆ ಮಾಡಿ.

ದೋಣಿಯಲ್ಲಿ ಎದ್ದು ನಿಲ್ಲಬೇಡಿ ಎನ್ನುವುದೇಕೆ? ದೋಣಿ ಒಂದು ಕಡೆ ವಾಲಿದಾಗ ಆ ಬದಿ ಹೆಚ್ಚು ಮುಳುಗುತ್ತದೆ. ಹೆಚ್ಚು ಮುಳುಗಿದ ಬದಿಯನ್ನು ನೀರು ಹೆಚ್ಚು ಬಲದಿಂದ ಮೇಲಕ್ಕೆ ತಳ್ಳುತ್ತದೆ. ಹೀಗೆ ನೀರೇ ದೋಣಿಯನ್ನು ನೆಟ್ಟಗೆ ಮಾಡಲು ಪ್ರಯತ್ನಿಸುತ್ತದೆ. ಭಾರವೆಲ್ಲ ಕೆಳಗೆ ಇದ್ದಾಗ ನೀರು ಗೆಲ್ಲುತ್ತದೆ. ಜನ ಎದ್ದು ನಿಂತರೆ ಭಾರ ಮೇಲಕ್ಕೆ ಹೋಗುತ್ತದೆ. ಆಗ ದೋಣಿ ವಾಲಿದಂತೆ ಆ ಭಾರವೂ ವಾಲಿದ ಕಡೆಗೇ ಹೆಚ್ಚು ಸರಿದು, ಕೆಡವುವ ಕೆಲಸಕ್ಕೆ ಕೈಜೋಡಿಸುತ್ತದೆ. ನಿಮ್ಮ ಡಬ್ಬಿಯೊಳಗೆ ಮಲಗುವಷ್ಟು ಚಿಕ್ಕ ಬಾಟಲಿಗೆ ಅರ್ಧ ನೀರು ತುಂಬಿ ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ ನೋಡಿ. ತೂಕ ಒಂದೇ. ಡಬ್ಬಿಯನ್ನು ಬೆರಳಿನಿಂದ ಸ್ವಲ್ಪ ತಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಸರೋವರದಲ್ಲಿ "ಜಲಕನ್ಯಕಾ" ಎಂಬ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. ದಡಕ್ಕೆ ಬಂದ ಕಾಡುಪ್ರಾಣಿಗಳನ್ನು ನೋಡಲು ಜನರು ಒಂದು ಬದಿಗೆ ಸರಿದಾಗ ದೋಣಿ ವಾಲಿತು ಎಂದು ಆಗಿನ ವರದಿಗಳು ಹೇಳಿದವು. ಭಾರ ಮೇಲೆ, ಭಾರ ಒಂದೇ ಬದಿಗೆ. ಬಾಟಲಿ ನಿಲ್ಲಿಸಿದ ನಿಮ್ಮ ಡಬ್ಬಿಯನ್ನು ನೆನಪಿಸಿಕೊಳ್ಳಿ.

ಲೈಫ್ ಜಾಕೆಟ್ ಮಾಡುವುದೇನು?

ಅಂಗಿಯಷ್ಟು ಹಗುರವಾದ ಲೈಫ್ ಜಾಕೆಟ್ 60 ಕೆ.ಜಿ. ಮನುಷ್ಯನನ್ನು ಹೇಗೆ ಎತ್ತಿಹಿಡಿಯುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಉತ್ತರ ಸರಳ: ಅದು 60 ಕೆ.ಜಿ. ಎತ್ತಬೇಕಾಗಿಯೇ ಇಲ್ಲ. ನಮ್ಮ ದೇಹದ ಸಾಂದ್ರತೆ ಬಹುಪಾಲು ನೀರಿನಷ್ಟೇ. ಎದೆ ತುಂಬ ಉಸಿರೆಳೆದುಕೊಂಡರೆ ಹೆಚ್ಚಿನವರು ನೀರಿನ ಮಟ್ಟದಲ್ಲಿ ತೇಲುತ್ತಾರೆ, ಪೂರ್ತಿ ಉಸಿರು ಬಿಟ್ಟರೆ ಮೆಲ್ಲಗೆ ಕೆಳಗೆ ಹೋಗಬಹುದು. ಅಂದರೆ ನೀರಿನಲ್ಲಿರುವ ಮನುಷ್ಯನನ್ನು ನೀರೇ ಹೊತ್ತಿರುತ್ತದೆ. ಹೊರಬೇಕಾದದ್ದು ನೀರಿನಿಂದ ಮೇಲೆ ಇರಬೇಕಾದ ತಲೆಯ ಭಾರವನ್ನು ಮಾತ್ರ. ಅದು ಸುಮಾರು 5 ಕೆ.ಜಿ. ಒಳ್ಳೆಯ ಜಾಕೆಟ್ ಒಂದು 7ರಿಂದ 10 ಕೆ.ಜಿ. ಭಾರವನ್ನು ಎತ್ತಿಹಿಡಿಯುವಷ್ಟು ನೀರನ್ನು ಸರಿಸುತ್ತದೆ. ಅಷ್ಟು ಸಾಕು. ಹಿಂದೆ ಹಳ್ಳಿಗಳಲ್ಲಿ ಈಜು ಕಲಿಸುವಾಗ ಮಕ್ಕಳ ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟುತ್ತಿದ್ದುದೂ ಇದೇ ಲೆಕ್ಕದ ಮೇಲೆ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ನೀರಿಗೆ ಬಿದ್ದವರು ಗಾಬರಿಯಿಂದ ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ನೀರಿನಿಂದ ಹೊರಗೆ ಬಂದ ಕೈಗಳನ್ನು ನೀರು ಹೊರುವುದಿಲ್ಲ. ಆ ಕೈಗಳ ಪೂರ್ತಿ ತೂಕ ದೇಹದ ಮೇಲೆ ಬಿದ್ದು, ಬಾಯಿ ಮೂಗು ಮುಳುಗುತ್ತವೆ. ಕೈಗಳನ್ನು ನೀರಿನೊಳಗೇ ಇಟ್ಟು, ತಲೆ ಹಿಂದಕ್ಕೆ ಚಾಚಿದರೆ ಮುಖ ಮೇಲಿರುತ್ತದೆ. ದಡದಲ್ಲಿ ಇರುವವರು ನೀರಿಗೆ ಹಾರದೆ, ದೊಡ್ಡವರನ್ನು ಕೂಗಿ ಕರೆದು, ಹಗ್ಗವನ್ನೋ ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಕ್ಯಾನನ್ನೋ ಎಸೆಯಬೇಕು. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಎಷ್ಟು ಭಾರ ಎತ್ತಿಹಿಡಿಯುತ್ತದೆ ಎಂದು ಈಗ ನೀವೇ ಹೇಳಿ. ಜಾಕೆಟ್ ಇದ್ದರೂ ಅದನ್ನು ಹಾಕಿಕೊಂಡು, ಪಟ್ಟಿ ಬಿಗಿದಿರಬೇಕು. ಹರಿಗೋಲಿನ ಮೂಲೆಯಲ್ಲಿ ಒಟ್ಟಿದ ಜಾಕೆಟ್ ತನ್ನನ್ನು ಮಾತ್ರ ತೇಲಿಸಿಕೊಳ್ಳುತ್ತದೆ. (ಈ ಲೇಖನದ ಪ್ರಯೋಗಗಳನ್ನೆಲ್ಲ ಬಕೆಟ್ಟಿನಲ್ಲಿ, ಟಬ್ಬಿನಲ್ಲಿ ಮಾಡಿ. ಕೆರೆ, ಬಾವಿ, ಹೊಳೆಯ ಹತ್ತಿರ ಬೇಡ.)

ಸುತ್ತುವುದೇಕೆ?

ಪಾಯಸನ ಕೊನೆಯ ಮಾತು ಉಳಿದಿದೆ. ಅಂಬಿಗ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾನೆ. ನೀರು ಅಷ್ಟೇ ಬಲದಿಂದ ಹುಟ್ಟನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ ಹೇಳಿದ ಕ್ರಿಯೆ, ಪ್ರತಿಕ್ರಿಯೆ ಇದು. ಹುಟ್ಟನ್ನು ಹಿಡಿದ ಅಂಬಿಗನೂ ಅವನು ಕುಳಿತ ಹರಿಗೋಲೂ ಮುಂದೆ ಹೋಗುತ್ತವೆ. ಆದರೆ ಆ ಬಲ ಹರಿಗೋಲಿನ ನಡುವಿಗೆ ಬೀಳದೆ ಅಂಚಿಗೆ ಬೀಳುತ್ತದೆ. ಟಬ್ಬಿನಲ್ಲಿ ತೇಲುತ್ತಿರುವ ತಟ್ಟೆಯ ಬಲ ಅಂಚನ್ನು ಪೆನ್ಸಿಲಿನಿಂದ ಮುಂದಕ್ಕೆ ನೂಕಿ. ತಟ್ಟೆ ಸಾಗುವುದಕ್ಕಿಂತ ಹೆಚ್ಚಾಗಿ ತಿರುಗುತ್ತದೆ. ಉದ್ದನೆಯ ದೋಣಿ ತಿರುಗಬೇಕಾದರೆ ಅದರ ಉದ್ದನೆಯ ಪಕ್ಕ ನೀರನ್ನು ನೂಕಬೇಕು, ನೀರು ಅಡ್ಡಿಮಾಡುತ್ತದೆ. ದುಂಡಗಿನ ಹರಿಗೋಲಿಗೆ ಆ ಅಡ್ಡಿ ಇಲ್ಲ. ಅದಕ್ಕಾಗಿ ಅಂಬಿಗ ಮುಂದಿನ ಅಂಚಿನಲ್ಲೇ ಕುಳಿತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹುಟ್ಟು ಹಾಕಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಪ್ರವಾಸಿಗರನ್ನು ಖುಷಿಪಡಿಸಬೇಕಾದಾಗ ಒಂದೇ ಕಡೆ ಹಾಕುತ್ತಾನೆ, ಹರಿಗೋಲು ಬುಗುರಿಯಾಗುತ್ತದೆ.

ಹಾಗಾದರೆ ಉದ್ದನೆಯ ದೋಣಿಯನ್ನೇ ಏಕೆ ಮಾಡಲಿಲ್ಲ? ತುಂಗಭದ್ರೆಯನ್ನು ನೋಡಿದವರಿಗೆ ಉತ್ತರ ಹೊಳೆಯುತ್ತದೆ. ಹೊಳೆಯ ತುಂಬ ಬಂಡೆಗಳು. ಆರು ಜನರನ್ನು ಹೊತ್ತೂ ಒಂದು ಗೇಣಿಗಿಂತ ಕಡಿಮೆ ಇಳಿಯುವ, ಬಂಡೆಗೆ ತಾಗಿದರೆ ತಿರುಗಿ ಪಕ್ಕಕ್ಕೆ ಜಾರುವ, ದಡ ಸೇರಿದ ಮೇಲೆ ಹೊತ್ತುಕೊಂಡು ಹೋಗಬಹುದಾದ ದೋಣಿಯೇ ಅಲ್ಲಿಗೆ ಸರಿ. ಆ ಹೆಣಿಗೆಯನ್ನು ಮೊದಲು ಕಂಡುಕೊಂಡವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಪ್ಲವನ ಬಲದ ಲೆಕ್ಕವನ್ನು ಅವರು ಬಿದಿರಿನಲ್ಲೇ ಬರೆದರು ಎನ್ನಬಹುದು.

ಹರಿಯುವ ನೀರೂ ಒಂದು ಬಲ ಹಾಕುತ್ತದೆ ಎಂಬುದನ್ನು ಮರೆಯಬಾರದು. ಹೊಳೆ 60 ಮೀಟರ್ ಅಗಲ ಇದೆ, ಅಂಬಿಗ ಸೆಕೆಂಡಿಗೆ ಅರ್ಧ ಮೀಟರಿನಂತೆ ಆಚೆ ದಡದತ್ತ ಸಾಗುತ್ತಾನೆ ಎಂದುಕೊಳ್ಳಿ. ದಾಟಲು 120 ಸೆಕೆಂಡು ಬೇಕು. ನೀರೂ ಸೆಕೆಂಡಿಗೆ ಅರ್ಧ ಮೀಟರಿನಂತೆ ಹರಿಯುತ್ತಿದ್ದರೆ ಅಷ್ಟರಲ್ಲಿ ಹರಿಗೋಲು 60 ಮೀಟರ್ ಕೆಳಗೆ ತೇಲಿರುತ್ತದೆ. ಅದಕ್ಕೇ ಅಂಬಿಗ ಸೇರಬೇಕಾದ ಜಾಗಕ್ಕಿಂತ ಮೇಲಿನಿಂದ ಹೊರಡುವುದು. ಮಳೆಗಾಲದಲ್ಲಿ ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಆದರೆ ಎಷ್ಟು ದೂರ ಕೊಚ್ಚಿಕೊಂಡು ಹೋಗುತ್ತದೆ, ನೀವೇ ಗುಣಿಸಿ. ಆಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ಸಂಚಾರ ನಿಲ್ಲಿಸುವುದು ಏಕೆಂದು ಆ ಉತ್ತರ ನೋಡಿದರೆ ತಿಳಿಯುತ್ತದೆ.

ನಿಮಗೆ ಎರಡು ಪ್ರಶ್ನೆ

1. ನಾವು ಲೆಕ್ಕ ಹಾಕಿದ ಅದೇ ಹರಿಗೋಲಿಗೆ 30 ಕೆ.ಜಿ. ತೂಗುವ ಆರು ಮಕ್ಕಳು ಐದೈದು ಕೆ.ಜಿ. ಚೀಲದೊಂದಿಗೆ ಹತ್ತಿದರು. ಜೊತೆಗೆ 60 ಕೆ.ಜಿ.ಯ ಅಂಬಿಗ. ಅಂಚು ನೀರಿನಿಂದ ಎಷ್ಟು ಮೇಲಿರುತ್ತದೆ?

2. ಟಬ್ಬಿನಲ್ಲಿ ತೇಲುತ್ತಿರುವ ಡಬ್ಬಿಯಲ್ಲಿ ಒಂದು ಕಲ್ಲಿದೆ. ಟಬ್ಬಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಕಲ್ಲನ್ನು ತೆಗೆದು ಟಬ್ಬಿನ ನೀರಿಗೇ ಹಾಕಿದರೆ ಮಟ್ಟ ಏರುತ್ತದೆಯೋ, ಇಳಿಯುತ್ತದೆಯೋ, ಅಷ್ಟೇ ಇರುತ್ತದೆಯೋ? ಮೊದಲು ನಿಮ್ಮ ಉತ್ತರವನ್ನು ಪುಸ್ತಕದಲ್ಲಿ ಬರೆದು, ಆಮೇಲೆ ಮಾಡಿ ನೋಡಿ. ಉತ್ತರದ ಸುಳಿವು ಮೊದಲ ಪ್ರಯೋಗದ 540 ಮತ್ತು 200 ಎಂಬ ಎರಡು ಅಂಕಿಗಳಲ್ಲಿ ಅಡಗಿದೆ.